ಬದನೆಕಾಯಿ ತಿಂದ್ರೆ ನವೆ, ಹಾಲು ಕುಡಿದ್ರೆ ಹೊಟ್ಟೆ ಉಬ್ಬರ: ಎಲ್ಲವೂ ಅಲರ್ಜಿನಾ? ಆಹಾರ ಅಲರ್ಜಿ ಹೆಚ್ಚಾಗ್ತಿರೋದ್ಯಾಕೆ?

ಮೈಸೂರು: ಮದುವೆ ಮನೆ ಪಂಕ್ತಿಯಲ್ಲಿ ವಾಂಗೀಬಾತ್ ಬಡಿಸುತ್ತಾ ಬಂದರೆ, ಎಲೆ ಮೇಲೆ ಕೈ ಅಡ್ಡ ಹಿಡಿದು ‘ಬೇಡಿ, ನಂಗೆ ಬದನೆಕಾಯಿ ಅಲರ್ಜಿ’ ಅನ್ನೋರು ಸಾಲಿಗೆ ಒಬ್ಬರಾದರೂ ಇರ್ತಾರೆ. ಅವರ ಅಜ್ಜಿ ಇದೇ ಮಾತನ್ನ ‘ನಂಜು’ ಅಂತಿದ್ದರು. ಗಾಯ ಆಗಿದ್ದರೆ, ಇಸುಬು ಎದ್ದಿದ್ದರೆ, ಮನೆಯಲ್ಲಿ ಬಾಣಂತಿ ಇದ್ದರೆ ಬದನೆಕಾಯಿ ಒಲೆ ಹತ್ತಿರ ಬರ್ತಿರಲಿಲ್ಲ. ಈರನಗೆರೆ ಬದನೆಗೆ ಹೆಸರಾದ ಊರಲ್ಲೇ ಬದನೆಗೆ ಈ ಕೆಟ್ಟ ಹೆಸರೂ ಇದೆ.

ಈ ದೂರು ಎಷ್ಟು ನಿಜ ಅಂತ ಮೈಸೂರಿನಲ್ಲೇ ಪರೀಕ್ಷೆ ನಡೆದಿದೆ. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ವೈದ್ಯರ ಜೊತೆ ಸೇರಿ 741 ಜನರನ್ನ ವಿಚಾರಿಸಿ, ಪರೀಕ್ಷೆ ಮಾಡಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದನೆಕಾಯಿ ತಿಂದರೆ ಏನಾದರೂ ತೊಂದರೆ ಆಗುತ್ತೆ ಅಂದವರು ಶೇ 9.2. ಅಂದರೆ ನೂರಕ್ಕೆ ಒಂಬತ್ತು ಜನ. ಚರ್ಮದ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ನಿಜವಾದ ಅಲರ್ಜಿ ಅಂತ ಉಳಿದವರು ಶೇ 0.8. ನೂರಕ್ಕೆ ಒಬ್ಬರೂ ಪೂರ್ತಿ ಇಲ್ಲ. ಅವರಲ್ಲೂ ಹೆಂಗಸರೇ ಹೆಚ್ಚು.

ಹಾಗಾದರೆ ಉಳಿದವರು ಸುಳ್ಳು ಹೇಳಿದರಾ? ಇಲ್ಲ. ಬದನೆಕಾಯಿಯಲ್ಲೇ ಹಿಸ್ಟಮಿನ್ ಅನ್ನೋ ರಾಸಾಯನಿಕ ಇರುತ್ತೆ. ಅಲರ್ಜಿ ಆದಾಗ ನಮ್ಮ ದೇಹ ಹೊರಗೆ ಬಿಡೋದೂ ಇದನ್ನೇ. ಹಿಸ್ಟಮಿನ್ ತಡೆಯದ ಮೈಗೆ ಅದು ತರಕಾರಿಯಿಂದ ಬಂದರೂ ಬಾಯಿ ತುರಿಸುತ್ತೆ, ಮೈ ನವೆ ಆಗುತ್ತೆ. ತೊಂದರೆ ನಿಜ, ಹೆಸರು ಮಾತ್ರ ತಪ್ಪು. ಅಜ್ಜಿಯರ ‘ನಂಜು’ ಅನ್ನೋ ಪದವೇ ಈ ವಿಷಯದಲ್ಲಿ ಹೆಚ್ಚು ಸರಿಯಾಗಿತ್ತು ಅಂದರೂ ತಪ್ಪಾಗಲ್ಲ.

ಹೆಸರಲ್ಲೇನಿದೆ, ತಿನ್ನದೇ ಇದ್ದರಾಯ್ತಲ್ಲ ಅನ್ನಬಹುದು. ದೊಡ್ಡವರು ಬದನೆಕಾಯಿ ಬಿಟ್ಟರೆ ನಷ್ಟ ಏನಿಲ್ಲ. ಆದರೆ ಇದೇ ಲೆಕ್ಕ ಒಂದು ವರ್ಷದ ಮಗುವಿನ ತಟ್ಟೆಗೆ ಬಂದಾಗ ಕಥೆ ಬೇರೆ.

ರಿಪೋರ್ಟ್‌ನಲ್ಲಿ ಪಾಸಿಟಿವ್, ಹೊಟ್ಟೆಯಲ್ಲಿ ಏನೂ ಇಲ್ಲ

ಮಗುವಿಗೆ ಮೈಮೇಲೆ ಗಂಧೆ ಎದ್ದಿರುತ್ತೆ. ಯಾರೋ ಹೇಳಿದರು ಅಂತ ಲ್ಯಾಬ್‌ನಲ್ಲಿ ರಕ್ತ ಕೊಟ್ಟು ಬಂದರೆ ಸಂಜೆಗೆ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತೆ. ಹಾಲು ಪಾಸಿಟಿವ್, ಗೋಧಿ ಪಾಸಿಟಿವ್, ಕಡ್ಲೆಬೀಜ ಪಾಸಿಟಿವ್, ಮೊಟ್ಟೆ ಪಾಸಿಟಿವ್. ಗಾಬರಿಯಾದ ತಾಯಿ ಅವತ್ತಿಂದಲೇ ಎಲ್ಲ ನಿಲ್ಲಿಸ್ತಾರೆ. ಮಗುವಿಗೆ ಉಳಿಯೋದು ಅನ್ನ, ತಿಳಿಸಾರು.

ಇಂಥ ರಿಪೋರ್ಟ್ ಓದೋದು ಹೇಗೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಯೂರೋಪಿನ ‘ಯೂರೋಪ್ರಿವಾಲ್’ ಯೋಜನೆಯ ಭಾಗವಾಗಿ ಮೈಸೂರು ಮತ್ತು ಬೆಂಗಳೂರಿನಲ್ಲಿ 20ರಿಂದ 54 ವರ್ಷದ 11,791 ಜನರ ಸಮೀಕ್ಷೆ ನಡೆದಿತ್ತು. ಫಲಿತಾಂಶ ಹೊರಬಂದದ್ದು 2016ರಲ್ಲಿ. ರಕ್ತದಲ್ಲಿ ಯಾವುದಾದರೂ ಒಂದು ಆಹಾರದ ವಿರುದ್ಧ ಐಜಿಇ ಅನ್ನೋ ಪ್ರತಿಕಾಯ ಇದ್ದವರು ಶೇ 26.5. ತಿಂದಾಗ ತೊಂದರೆಯೂ ಆಗಿ, ಅದೇ ಆಹಾರಕ್ಕೆ ಪ್ರತಿಕಾಯವೂ ಇದ್ದವರು ಶೇ 1.2 ಮಾತ್ರ.

ಸಾವಿರ ಜನರ ಲೆಕ್ಕ ಹಾಕಿ. 265 ಜನರಿಗೆ ರಿಪೋರ್ಟ್ ಪಾಸಿಟಿವ್ ಬರುತ್ತೆ. ಅಲರ್ಜಿ ಇರೋದು ಹನ್ನೆರಡು ಜನಕ್ಕೆ. ಉಳಿದ ಇನ್ನೂರೈವತ್ತು ಚಿಲ್ಲರೆ ಜನ ಆ ಪದಾರ್ಥವನ್ನ ಆರಾಮಾಗಿ ತಿನ್ಕೊಂಡೇ ಇದ್ದವರು.

ಹೀಗ್ಯಾಕೆ? ಪ್ರತಿಕಾಯಗಳು ಮುಖ ನೋಡಿ ಮೋಸ ಹೋಗ್ತವೆ. ಉದಾಹರಣೆಗೆ ಸಿಗಡಿಯಲ್ಲಿರೋ ಒಂದು ಪ್ರೋಟೀನು ಜಿರಳೆಯಲ್ಲೂ, ಹಾಸಿಗೆ ಧೂಳಿನ ಹುಳದಲ್ಲೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಜಿರಳೆಗೆ ಅಂತ ತಯಾರಾದ ಪ್ರತಿಕಾಯ ಲ್ಯಾಬ್‌ನಲ್ಲಿ ಸಿಗಡಿಗೂ ಅಂಟಿಕೊಳ್ಳುತ್ತೆ. ಹುಟ್ಟಿದಾಗಿಂದ ಸಿಗಡಿ ಮುಟ್ಟದ ಮನೆಯವರಿಗೂ ಸಿಗಡಿ ಪಾಸಿಟಿವ್ ಬರಬಹುದು. ಗಿಡಗಳ ಪರಾಗದ್ದೂ ಇದೇ ಕಥೆ.

ಇನ್ನೊಂದು ಪರೀಕ್ಷೆ ಇದೆ, ಐಜಿಜಿ. ‘ಫುಡ್ ಇನ್‌ಟಾಲರೆನ್ಸ್ ಪ್ಯಾನೆಲ್’ ಅಂತ ನೂರಾರು ಪದಾರ್ಥಗಳ ಪಟ್ಟಿ ಕೊಡ್ತಾರೆ. ಐಜಿಜಿ ಇದ್ದರೆ ಆ ಪದಾರ್ಥ ತಿಂದಿದ್ದೀರಿ, ದೇಹಕ್ಕೆ ಪರಿಚಯ ಇದೆ ಅಂತ ಅರ್ಥ, ಅಷ್ಟೇ. ಯೂರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಆಹಾರ ಅಲರ್ಜಿ ಪತ್ತೆಗೆ ಈ ಪರೀಕ್ಷೆ ಬೇಡ ಅಂತ ವರ್ಷಗಳ ಹಿಂದೆಯೇ ಹೇಳಿವೆ. ದುಡ್ಡು ದಂಡ.

ಹಾಗಾದ್ರೆ ಅಲರ್ಜಿ ಹೆಚ್ಚಾಗಿದೆ ಅನ್ನೋದು ಸುಳ್ಳಾ?

ಸುಳ್ಳಲ್ಲ. ಅಮೆರಿಕದಲ್ಲಿ ಒಂದೇ ತಂಡ ಮೂರು ಸಲ ಫೋನ್ ಸಮೀಕ್ಷೆ ಮಾಡಿತ್ತು. ಮಕ್ಕಳಲ್ಲಿ ಕಡ್ಲೆಬೀಜದ ಅಲರ್ಜಿ 1997ರಲ್ಲಿ ಶೇ 0.4 ಇತ್ತು, 2002ರಲ್ಲಿ 0.8 ಆಯ್ತು, 2008ರಲ್ಲಿ 1.4ಕ್ಕೆ ಏರಿತ್ತು. ಬ್ರಿಟನ್‌ನಲ್ಲಿ 1998ರಿಂದ 2018ರ ನಡುವೆ ಆಹಾರದಿಂದ ತೀವ್ರ ಅಲರ್ಜಿಯಾಗಿ ಆಸ್ಪತ್ರೆ ಸೇರಿದವರ ಪ್ರಮಾಣ ಮೂರು ಪಟ್ಟಿಗಿಂತ ಹೆಚ್ಚಾಯ್ತು. ಸಮಾಧಾನದ ಸಂಗತಿ ಅಂದರೆ ಸಾವು ಹಾಗೆ ಏರಲಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮಕ್ಕಳಿಗೆ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡಿದಾಗ, ಒಂದು ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಮಗುವಿಗೆ ಯಾವುದಾದರೂ ಆಹಾರದ ಅಲರ್ಜಿ ಇತ್ತು.

ನಮ್ಮಲ್ಲಿ? ಯೂರೋಪ್ರಿವಾಲ್‌ನ ಮಕ್ಕಳ ಸಮೀಕ್ಷೆಯಲ್ಲಿ ಭಾರತದ ಶಾಲಾ ಮಕ್ಕಳಲ್ಲಿ ಕಂಡದ್ದು ಶೇ 0.14. ಸುಮಾರು ಏಳುನೂರು ಮಕ್ಕಳಿಗೆ ಒಬ್ಬರು. ಅದೇ ಸಮೀಕ್ಷೆಯಲ್ಲಿ ಹಾಂಗ್‌ಕಾಂಗ್ ಮಕ್ಕಳಲ್ಲಿ ಶೇ 1.5, ನಮ್ಮ ಹತ್ತು ಪಟ್ಟು.

ಇದು ನಮ್ಮ ರಕ್ತದ ಗುಣ, ನಮಗೇನೂ ಆಗಲ್ಲ ಅಂತ ಸುಮ್ಮನಿರೋ ಹಾಗಿಲ್ಲ. ಆಸ್ಟ್ರೇಲಿಯಾದ್ದೇ ಇನ್ನೊಂದು ಅಧ್ಯಯನ ನೋಡಿ. ಏಷ್ಯಾ ಮೂಲದ ತಾಯಂದಿರಿಗೆ ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಕಡ್ಲೆಬೀಜ, ಗೋಡಂಬಿ ಥರದ ಕಾಳುಬೀಜಗಳ ಅಲರ್ಜಿ ಅಲ್ಲಿನ ಬೇರೆ ಮಕ್ಕಳಿಗಿಂತಲೂ ಹೆಚ್ಚು. ಏಷ್ಯಾದಲ್ಲೇ ಹುಟ್ಟಿ ಆಮೇಲೆ ಅಲ್ಲಿಗೆ ಹೋದ ಮಕ್ಕಳಲ್ಲಿ ಕಡಿಮೆ. ವಂಶ ಅದೇ, ಹುಟ್ಟಿದ ಜಾಗ ಬೇರೆ. ಅಂದರೆ ಮೊದಲ ಒಂದೆರಡು ವರ್ಷದಲ್ಲಿ ಮಗುವಿನ ಸುತ್ತ ಏನಿದೆ, ಬಾಯಿಗೆ ಏನು ಹೋಗುತ್ತೆ ಅನ್ನೋದರಲ್ಲೇ ಏನೋ ಇದೆ. ಮೈಸೂರಿನಿಂದ ಮೆಲ್ಬರ್ನ್‌ಗೆ ಹೋಗಿ ಸಂಸಾರ ಹೂಡಿದವರು ಇದನ್ನ ಸ್ವಲ್ಪ ಗಮನ ಇಟ್ಟು ಓದಬೇಕು.

ಕೊಡಬೇಡಿ ಅಂದಿದ್ದೇ ಎಡವಟ್ಟಾಯ್ತು

ಕಾರಣಗಳಲ್ಲಿ ಅತಿ ಗಟ್ಟಿ ಸಾಕ್ಷ್ಯ ಇರೋದು ಇದಕ್ಕೆ. ಅಲರ್ಜಿ ಹೆಚ್ಚಾಗ್ತಿದೆ ಅಂತ ಹೆದರಿ, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸಲಹೆ ಕೊಟ್ಟಿತು. ಅಲರ್ಜಿ ಇರೋ ಮನೆತನದ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಕಡ್ಲೆಬೀಜ ಬೇಡ ಅಂತ. ಅಪ್ಪ ಅಮ್ಮಂದಿರು ಚಾಚೂ ತಪ್ಪದೆ ಪಾಲಿಸಿದರು. ಅಲರ್ಜಿ ಇಳೀಲಿಲ್ಲ. 2008ರಲ್ಲಿ ಸಲಹೆ ವಾಪಸ್ ತಗೊಂಡರು.

ಅದೇ 2008ರಲ್ಲಿ ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಅವರ ತಂಡ ಒಂದು ಹೋಲಿಕೆ ಪ್ರಕಟಿಸಿತು. ಬ್ರಿಟನ್‌ನ ಯಹೂದಿ ಮಕ್ಕಳಲ್ಲಿ ಕಡ್ಲೆಬೀಜದ ಅಲರ್ಜಿ ಶೇ 1.85. ಇಸ್ರೇಲ್‌ನ ಯಹೂದಿ ಮಕ್ಕಳಲ್ಲಿ ಶೇ 0.17. ವಂಶ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಏನು ಅಂತ ಹುಡುಕಿದರೆ ಸಿಕ್ಕಿದ್ದು ‘ಬಾಂಬಾ’. ಕಡ್ಲೆಬೀಜ ಹಾಕಿ ಮಾಡಿದ, ಬಾಯಲ್ಲಿ ಇಟ್ಟರೆ ಕರಗೋ ಕುರುಕಲು ತಿಂಡಿ. ಇಸ್ರೇಲ್‌ನಲ್ಲಿ ಹಲ್ಲು ಬರೋ ಮೊದಲೇ ಮಕ್ಕಳ ಕೈಗೆ ಅದನ್ನ ಕೊಡ್ತಾರೆ.

ಹೋಲಿಕೆ ಸಾಲದು ಅಂತ ಪ್ರಯೋಗವೇ ಮಾಡಿದರು. ಅಲರ್ಜಿ ಬರೋ ಸಾಧ್ಯತೆ ಹೆಚ್ಚಿದ್ದ 4ರಿಂದ 11 ತಿಂಗಳ 640 ಕೂಸುಗಳು. ಅರ್ಧ ಮಕ್ಕಳಿಗೆ ವಾರ ವಾರ ಕಡ್ಲೆಬೀಜದ ಪದಾರ್ಥ, ಉಳಿದರ್ಧಕ್ಕೆ ಐದು ವರ್ಷ ಅದರ ಸೋಂಕೂ ಇಲ್ಲ. 2015ರಲ್ಲಿ ಲೆಕ್ಕ ಹೊರಬಂತು. ಶುರುವಿನ ಚರ್ಮ ಪರೀಕ್ಷೆಯಲ್ಲಿ ನೆಗೆಟಿವ್ ಇದ್ದ ಮಕ್ಕಳ ಪೈಕಿ, ದೂರ ಇಟ್ಟವರಲ್ಲಿ ಶೇ 13.7 ಮಕ್ಕಳಿಗೆ ಅಲರ್ಜಿ ಬಂತು. ತಿಂದವರಲ್ಲಿ ಶೇ 1.9. ಎರಡು ವರ್ಷದಲ್ಲಿ ಅಮೆರಿಕದ ಮಾರ್ಗಸೂಚಿಯೇ ತಿರುಗಿಬಿತ್ತು: ಬೇಗ ಕೊಡಿ.

ಮೊಳಕೆ ಕಟ್ಟಿದ ರಾಗಿ ಜೊತೆ ಹೆಸರುಕಾಳು, ಕಡ್ಲೆ, ಬಾದಾಮಿ ಹುರಿದು ಬೀಸಿ, ಆರು ತಿಂಗಳಿಗೆ ಸರಿ ಕುಡಿಸೋ ಮನೆಗಳು ಗೊತ್ತಿಲ್ಲದೇ ಇದನ್ನೇ ಮಾಡ್ತಿದ್ದವು. ಈಗ ‘ಒಂದು ವರ್ಷ ಆಗೋವರೆಗೆ ಮೊಟ್ಟೆ ಬೇಡ, ಕಡ್ಲೆಬೀಜ ಪಿತ್ತ’ ಅಂತ ಮುಂದೂಡೋದು, ಮೇಲೆ ಹೇಳಿದ ರಿಪೋರ್ಟ್ ನೋಡಿ ಎಲ್ಲ ನಿಲ್ಲಿಸೋದು ಅಮೆರಿಕದವರು ಬಿಟ್ಟ ದಾರಿಯನ್ನೇ ನಾವು ಹಿಡಿದ ಹಾಗೆ. ಅಲರ್ಜಿ ಇಲ್ಲದ ಮಗುವಿಗೆ ಅಲರ್ಜಿ ಹೆದರಿಕೆಯಿಂದಲೇ ಅಲರ್ಜಿ ಬರೋ ದಾರಿ ಅದು.

ಬಾಯಿಗಿಂತ ಮೊದಲು ಚರ್ಮಕ್ಕೆ ತಾಗಿದರೆ

ಬಾಯಿಂದ ಬಂದ ಪದಾರ್ಥವನ್ನ ಕರುಳು ‘ಇದು ಊಟ’ ಅಂತ ಒಪ್ಪಿಕೊಳ್ಳುತ್ತೆ. ಅದೇ ಪದಾರ್ಥ ಒಡೆದ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನ ಶತ್ರು ಅಂತ ಗುರುತು ಹಾಕಿಕೊಳ್ಳೋ ಸಾಧ್ಯತೆ ಹೆಚ್ಚು. ಎಸ್ಜಿಮಾ ಇರೋ ಕೂಸುಗಳಿಗೇ ಆಹಾರ ಅಲರ್ಜಿ ಹೆಚ್ಚು ಬರೋದು ಇದಕ್ಕೇ ಅನ್ನೋದು ಲ್ಯಾಕ್ ಅವರ ವಾದ. ಬ್ರಿಟನ್‌ನಲ್ಲಿ ಕಡ್ಲೆಬೀಜದ ಎಣ್ಣೆ ಇದ್ದ ಕ್ರೀಮನ್ನ ಚರ್ಮಕ್ಕೆ ಹಚ್ಚಿದ್ದಕ್ಕೂ ಆಮೇಲಿನ ಅಲರ್ಜಿಗೂ ನಂಟಿರೋದನ್ನ ಅವರ ತಂಡ 2003ರಲ್ಲೇ ತೋರಿಸಿತ್ತು.

ಜಪಾನಿನ ಸೋಪಿನ ಪ್ರಕರಣ ಇದಕ್ಕಿಂತ ದೊಡ್ಡದು. ಗೋಧಿಯ ಪ್ರೋಟೀನು ಬೆರೆಸಿದ ಒಂದು ಮುಖ ತೊಳೆಯೋ ಸೋಪು ಅಲ್ಲಿ ಭಾರಿ ಮಾರಾಟ ಆಗ್ತಿತ್ತು. ಅದನ್ನ ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂತು. ಅಲ್ಲಿವರೆಗೆ ಬ್ರೆಡ್ಡು, ನೂಡಲ್ಸು ತಿನ್ಕೊಂಡು ಆರಾಮಾಗಿದ್ದ ದೊಡ್ಡವರು ಇವರು.

ಕೂಸಿಗೆ ಕಡಲೆಹಿಟ್ಟು ಹಚ್ಚಿ ನೀರು ಹಾಕೋದು ನಮ್ಮಲ್ಲಿ ಹಳೇ ರೂಢಿ. ಚರ್ಮ ಚೆನ್ನಾಗಿದ್ದ ಮಗುವಿನ ಮಾತು ಬೇರೆ. ಚರ್ಮ ಒಡೆದು ಕೆಂಪಗಾಗಿರೋ ಮಗುವಿಗೆ ಹಿಟ್ಟು ತಿಕ್ಕದೇ ಇರೋದು ಕ್ಷೇಮ. ಕಡಲೆಯೂ ಅಲರ್ಜಿ ತರೋ ಕಾಳೇ. ನಮ್ಮ ದೇಶದ ರೋಗಿಗಳಲ್ಲೇ ಅದು ಪತ್ತೆಯಾಗಿದೆ.

ಕೊಟ್ಟಿಗೆ ಇಲ್ಲದ ಮನೆ

1989ರಲ್ಲಿ ಡೇವಿಡ್ ಸ್ಟ್ರಾಚನ್ ಅನ್ನೋರು 17 ಸಾವಿರ ಬ್ರಿಟಿಷ್ ಮಕ್ಕಳ ದಾಖಲೆ ನೋಡಿ, ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಪರಾಗದ ಅಲರ್ಜಿ ಕಡಿಮೆ ಅಂದರು. ಮನೆ ತುಂಬ ಮಕ್ಕಳಿದ್ದರೆ ಸಣ್ಣಪುಟ್ಟ ಸೋಂಕು ಹರಡುತ್ತೆ, ಅದರಿಂದ ದೇಹಕ್ಕೆ ತರಬೇತಿ ಆಗುತ್ತೆ ಅನ್ನೋದು ಅವರ ಊಹೆ.

ಅಮೆರಿಕದ ಆಮಿಶ್ ಮತ್ತು ಹಟರೈಟ್ ಅನ್ನೋ ಎರಡು ರೈತ ಸಮುದಾಯಗಳ ಅಧ್ಯಯನ 2016ರಲ್ಲಿ ಬಂತು. ಎರಡೂ ಯೂರೋಪಿನಿಂದ ಬಂದವು, ಊಟ ಉಪಚಾರವೂ ಹತ್ತಿರ ಹತ್ತಿರ. ಆಮಿಶರದ್ದು ಮನೆ ಪಕ್ಕದಲ್ಲೇ ಹಸು, ಕುದುರೆ. ಕೂಸುಗಳು ಕೊಟ್ಟಿಗೆಯಲ್ಲೇ ಆಡ್ತವೆ. ಹಟರೈಟರದ್ದು ದೂರದಲ್ಲಿ ಯಂತ್ರಗಳ ದೊಡ್ಡ ಫಾರಂ. ಮಕ್ಕಳಲ್ಲಿ ಆಸ್ತಮಾ ಮೊದಲನೆಯವರಲ್ಲಿ ಶೇ 5.2, ಎರಡನೆಯವರಲ್ಲಿ ಶೇ 21.3. ಇದು ಆಸ್ತಮಾ ಲೆಕ್ಕ, ಆಹಾರ ಅಲರ್ಜಿಯದ್ದಲ್ಲ. ಆದರೂ ಹುಣಸೂರು, ಎಚ್.ಡಿ.ಕೋಟೆ ಕಡೆಯಿಂದ ಬಂದು ನಗರದ ಮೂರನೇ ಮಹಡಿಯಲ್ಲಿ ಒಂದೇ ಮಗು ಸಾಕ್ತಿರೋರಿಗೆ ಯಾವುದು ಯಾರ ಮನೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಕೈ ತೊಳೆಯೋದು ಬಿಡಿ ಅಂತಲ್ಲ. ಕೊಳಕು ನೀರು ಅಲರ್ಜಿ ತಪ್ಪಿಸಲ್ಲ, ಭೇದಿ ತರುತ್ತೆ. ದನ, ಮಣ್ಣು, ಬೇರೆ ಮಕ್ಕಳ ಒಡನಾಟದ ಮಾತಿದು.

ಬೈಗುಳ ತಿಂತಿರೋ ಇನ್ನು ಕೆಲವು

ಸಿಸೇರಿಯನ್ ಹೆಚ್ಚಾಗಿದ್ದೇ ಕಾರಣ ಅಂತಾರೆ. ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ ಹಿಂದಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಶೇ 23.6ರಿಂದ ಐದನೇ ಸಮೀಕ್ಷೆಗೆ ಶೇ 31.5ಕ್ಕೆ ಏರಿದ್ದು ಹೌದು. ಆದರೆ ಮೆಲ್ಬರ್ನ್ ಮಕ್ಕಳಲ್ಲಿ ಹೆರಿಗೆ ರೀತಿಗೂ ಆಹಾರ ಅಲರ್ಜಿಗೂ ನಂಟು ಕಂಡಿಲ್ಲ. ಆಪರೇಷನ್ ಮಾಡಿಸಿಕೊಂಡ ತಾಯಿ ತಲೆಗೆ ಇದನ್ನೂ ಕಟ್ಟೋದು ಬೇಡ.

ತರಕಾರಿಗೆ ಔಷಧಿ ಹೊಡೆಯೋದು ಇನ್ನೊಂದು ಆರೋಪಿ. ಔಷಧಿಯಿಂದ ಆಗೋ ಬೇರೆ ಕೆಡುಕು ಸಾಕಷ್ಟಿದೆ. ಆದರೆ ಹಾಲು, ಮೊಟ್ಟೆ, ಕಡ್ಲೆಬೀಜದ ಅಲರ್ಜಿ ಅಂದರೆ ಆ ಪದಾರ್ಥದ್ದೇ ಪ್ರೋಟೀನಿಗೆ ದೇಹ ತಿರುಗಿಬೀಳೋದು. ಸಾವಯವ ಕಡ್ಲೆಬೀಜವೂ ಅಲರ್ಜಿ ಇದ್ದವರಿಗೆ ಅಷ್ಟೇ ಅಪಾಯ.

ಹಾಲು ಕುಡಿದರೆ ಹೊಟ್ಟೆ ಉಬ್ಬರ ಅನ್ನೋರದ್ದು ಬಹುಪಾಲು ಅಲರ್ಜಿಯೇ ಅಲ್ಲ. ಹಾಲಿನ ಸಕ್ಕರೆ ಕರಗಿಸೋ ಲ್ಯಾಕ್ಟೇಸ್ ಅನ್ನೋ ಕಿಣ್ವ ದೊಡ್ಡವರಾಗ್ತಾ ಕಡಿಮೆಯಾಗುತ್ತೆ. ಉತ್ತರ ಭಾರತಕ್ಕಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಅಂಥವರು ಮೊಸರು, ಮಜ್ಜಿಗೆ ತಗೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಜವಾದ ಹಾಲಿನ ಅಲರ್ಜಿ ಇದ್ದವರಿಗೆ ಮಜ್ಜಿಗೆಯೂ ಆಗಲ್ಲ.

ಮಂಗಳೂರಿನಿಂದ ಘಾಟಿ ಹತ್ತಿ ಬರೋ ಬಂಗುಡೆ, ಭೂತಾಯಿ ತಿಂದು ಮುಖ ಕೆಂಪಾಗಿ, ತಲೆ ಸಿಡಿದರೆ ಅದೂ ಅಲರ್ಜಿ ಆಗಿರಬೇಕಿಲ್ಲ. ಐಸ್ ಸರಿಯಾಗಿ ಹಾಕದಿದ್ದರೆ ಇಂಥ ಮೀನಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತೆ, ಎಷ್ಟು ಬೇಯಿಸಿದರೂ ಹೋಗಲ್ಲ. ಒಂದೇ ಮನೆಯ ಮೂರ್ನಾಲ್ಕು ಜನಕ್ಕೆ ಒಟ್ಟಿಗೆ ಆದರೆ ಅನುಮಾನ ಮೀನಿನ ಮೇಲಿರಲಿ. ಇನ್ನು ಗ್ಲುಟನ್. ಗೋಧಿಯಿಂದ ಕರುಳು ಹಾಳಾಗೋ ಸೀಲಿಯಕ್ ಕಾಯಿಲೆ ಉತ್ತರ ಭಾರತದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಅಂತ 2016ರ ಅಧ್ಯಯನ ಹೇಳುತ್ತೆ. ಅನ್ನ, ಮುದ್ದೆ ಊರಿನವರು ಗ್ಲುಟನ್ ಫ್ರೀ ಬಿಸ್ಕತ್ತಿಗೆ ದುಪ್ಪಟ್ಟು ಕೊಡೋ ಮುಂಚೆ ಒಮ್ಮೆ ವೈದ್ಯರನ್ನ ಕೇಳಬಹುದು.

ಪತ್ತೆ ಹೇಗೆ, ಎಚ್ಚರ ಯಾವಾಗ

ನಿಜವಾದ ಅಲರ್ಜಿಗೆ ಒಂದು ಶಿಸ್ತಿದೆ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ತೊಂದರೆ ಶುರು. ಸ್ವಲ್ಪ ತಿಂದರೂ ಸಾಕು. ತಿಂದಾಗೆಲ್ಲ ಸಾಮಾನ್ಯವಾಗಿ ಹಾಗೇ ಆಗುತ್ತೆ. ವೈದ್ಯರು ಮೊದಲು ಈ ಕಥೆ ಕೇಳ್ತಾರೆ, ಆಮೇಲೆ ಅನುಮಾನ ಬಂದ ಪದಾರ್ಥಕ್ಕೆ ಮಾತ್ರ ಪರೀಕ್ಷೆ ಬರೀತಾರೆ. ಗೊಂದಲ ಉಳಿದರೆ ಆಸ್ಪತ್ರೆಯಲ್ಲಿ ಕೂರಿಸಿಕೊಂಡು ಚೂರು ಚೂರೇ ತಿನ್ನಿಸಿ ನೋಡ್ತಾರೆ. ಈ ಕೊನೆಯ ಪರೀಕ್ಷೆಯನ್ನ ಮನೆಯಲ್ಲಿ ಮಾಡೋಕೆ ಹೋಗಬಾರದು.

ಕೂಸಿಗೆ ಆರು ತಿಂಗಳಿಗೆ ಅನ್ನ ಶುರು ಮಾಡಿದ ಮೇಲೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಪುಡಿ ಮಾಡಿದ ಕಡ್ಲೆಬೀಜವನ್ನ ಸರಿಯಲ್ಲಿ ಕಲಸಿ ಕೊಡಬಹುದು. ಒಂದೊಂದೇ ಹೊಸ ಪದಾರ್ಥ, ಹಗಲು ಹೊತ್ತು. ಇಡೀ ಬೀಜ ಮಾತ್ರ ಐದು ವರ್ಷದವರೆಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮಗುವಿಗೆ ಆಗಲೇ ಜೋರು ಎಸ್ಜಿಮಾ ಇದ್ದರೆ, ಅಥವಾ ಯಾವುದಾದರೂ ಆಹಾರಕ್ಕೆ ಅಲರ್ಜಿ ಗೊತ್ತಾಗಿದ್ದರೆ, ಮೊದಲು ಮಕ್ಕಳ ವೈದ್ಯರನ್ನ ಕೇಳಿಯೇ ಮುಂದುವರಿಯಬೇಕು.

ನಿಜ ಅಲರ್ಜಿ ಖಚಿತವಾದ ಮಗುವಿನ ವಿಷಯ ಅಂಗನವಾಡಿ, ಶಾಲೆಗೆ ಬರೆದು ತಿಳಿಸಬೇಕು. 2020ರ ಎಫ್‌ಎಸ್‌ಎಸ್‌ಎಐ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಗ್ಲುಟನ್ ಇರೋ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡ್ಲೆಬೀಜ, ಗೋಡಂಬಿ ಥರದ ಬೀಜಗಳು, ಸೋಯಾ ಇದ್ದರೆ ಬರೆಯಲೇಬೇಕು. ಕಡಲೆಹಿಟ್ಟು ಆ ಎಚ್ಚರಿಕೆ ಪಟ್ಟಿಯಲ್ಲಿಲ್ಲ. ಬೇಕರಿಯಲ್ಲಿ ತೂಕ ಮಾಡಿ ಕಟ್ಟಿಕೊಡೋ ತಿಂಡಿಗೆ ಲೇಬಲ್ಲೇ ಇಲ್ಲ, ಕೇಳಿಯೇ ತಗೋಬೇಕು.

ಏನೋ ತಿಂದ ಮೇಲೆ ತುಟಿ, ನಾಲಗೆ ಊದಿ ಉಸಿರು ಕಟ್ಟಿದರೆ, ಧ್ವನಿ ಗೊಗ್ಗರಾದರೆ, ವಾಂತಿಯ ಜೊತೆ ತಲೆ ಸುತ್ತಿ ಬಿದ್ದರೆ ಮನೆಮದ್ದು ಬೇಡ. ಸೆಟ್ರಿಜಿನ್ ಮಾತ್ರೆಯಿಂದ ಇದು ನಿಲ್ಲಲ್ಲ. ಬೇಕಾಗಿರೋದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಾಲಿನ್ ಇಂಜೆಕ್ಷನ್. ವಿದೇಶದಲ್ಲಿ ರೋಗಿಗಳು ಜೇಬಲ್ಲೇ ಇಟ್ಟುಕೊಳ್ಳೋ ಪೆನ್ ಥರದ ಇಂಜೆಕ್ಷನ್ ಇಲ್ಲಿನ ಮೆಡಿಕಲ್ ಸ್ಟೋರ್‌ಗಳಲ್ಲಿ ಸುಲಭಕ್ಕೆ ಸಿಗಲ್ಲ. ಆದರೆ ಅಡ್ರಿನಾಲಿನ್ ಅಗತ್ಯ ಔಷಧಗಳ ಪಟ್ಟಿಯಲ್ಲಿರೋ, ಅಗ್ಗದ ಔಷಧ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೆ ರೋಗಿಯನ್ನ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಬೇಕು. ಉಸಿರಾಟಕ್ಕೆ ಕಷ್ಟ ಆಗ್ತಿದ್ದರೆ ಕೂರಿಸಬಹುದು, ಎದ್ದು ನಡೆಸಬಾರದು. ಏನು ತಿಂದಿದ್ದು, ಎಷ್ಟು ಹೊತ್ತಿಗೆ ಅನ್ನೋದನ್ನ ಡ್ಯೂಟಿ ಡಾಕ್ಟರ್‌ಗೆ ಮೊದಲ ಮಾತಲ್ಲೇ ಹೇಳಬೇಕು.